ಎಲ್‌ಎಲ್‌ಬಿ ಮುಗೀತು, ಮುಂದೆ? ಹೊಸ ಕಾನೂನು ಪದವೀಧರರು ತಾತ್ಕಾಲಿಕ ಕೆಲಸ ಹುಡುಕುವುದು ಹೇಗೆ

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆ ಸನ್ನದಿಗೆ, ಅಂದರೆ ರಾಜ್ಯ ವಕೀಲರ ಪರಿಷತ್ತಿನ ನೋಂದಣಿಗೆ ಅರ್ಜಿ ಹಾಕಬೇಕು, ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಬರೆಯಬೇಕು, ಕೆಲಸ ಕಲಿಸುವ ಒಬ್ಬ ಸೀನಿಯರ್ ವಕೀಲರು ಸಿಗಬೇಕು. ಇದೆಲ್ಲ ಒಂದೇ ತಿಂಗಳಲ್ಲಿ ಆಗುವ ಕೆಲಸ ಅಲ್ಲ. ಅಷ್ಟರಲ್ಲಿ ಬಾಡಿಗೆ ಕಟ್ಟಬೇಕು, ಊಟದ ಖರ್ಚು ನೋಡಿಕೊಳ್ಳಬೇಕು. ಮನೆಯಲ್ಲಿ ಹಿಂದೆ ಯಾರೂ ವಕೀಲರಾಗಿಲ್ಲದಿದ್ದರೆ ಈ ಕಾಲ ಇನ್ನೂ ಕಷ್ಟ. ಎಷ್ಟೋ ಜಾಣ ಹುಡುಗ ಹುಡುಗಿಯರು ಇಲ್ಲೇ ವೃತ್ತಿ ಬಿಟ್ಟು ಬೇರೆ ಕಡೆ ಹೋಗುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

"ಏನಾದರೂ ಕೆಲಸ ಇದ್ದರೆ ಹೇಳಿ ಸರ್" ಎಂದು ಕೇಳಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. "ಈ ಒಂದು ಕೆಲಸ ನಾನು ಮಾಡಿಕೊಡುತ್ತೇನೆ, ಮಾದರಿ ನೋಡಿ" ಎಂದು ಕೇಳಿದವರಿಗೆ ಸಿಗುತ್ತದೆ. ವಕೀಲರ ಕಚೇರಿಯಲ್ಲಿ ಖಾಲಿ ಹುದ್ದೆ ಅಪರೂಪ. ಬಾಕಿ ಬಿದ್ದ ಕೆಲಸ ಮಾತ್ರ ಸದಾ ಇರುತ್ತದೆ. ಕೆಳಗಿನ ಎಲ್ಲ ಹಂತಗಳೂ ಆ ಬಾಕಿ ಕೆಲಸವನ್ನು ಹುಡುಕುವ ದಾರಿಗಳೇ.

ಹಂತ 1: ನಿಮ್ಮ ಸನ್ನದು ಯಾವ ಸ್ಥಿತಿಯಲ್ಲಿದೆ, ಮೊದಲು ನೋಡಿಕೊಳ್ಳಿ

ಯಾವ ಕೆಲಸ ಮಾಡಬಹುದು, ಯಾವುದು ಕೂಡದು ಎನ್ನುವುದು ಇದರ ಮೇಲೆ ನಿಂತಿದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸನ್ನದು ಇನ್ನೂ ಸಿಗದಿದ್ದರೆ ನೀವು ಪದವೀಧರರು ಮಾತ್ರ, ವಕೀಲರಲ್ಲ. ವಕಾಲತ್ತಿಗೆ ಸಹಿ ಹಾಕುವಂತಿಲ್ಲ. ವಕೀಲರಾಗಿ ಕೋರ್ಟಿನಲ್ಲಿ ಹಾಜರಾಗುವಂತಿಲ್ಲ. ಕಾರ್ಡಿನಲ್ಲಿ "ಅಡ್ವೊಕೇಟ್" ಎಂದು ಹಾಕಿಕೊಳ್ಳುವಂತಿಲ್ಲ. ಹಾಗಿದ್ದರೆ ಕೋರ್ಟಿನ ಹೊರಗೆ ಸಲಹೆ ಕೊಟ್ಟು ಹಣ ಪಡೆಯಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಅದೂ ಆಗದು. ವಕೀಲಿ ವೃತ್ತಿ ಎಂದರೆ ಕೋರ್ಟಿನ ಒಳಗಿನದೂ ಹೊರಗಿನದೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಹೇಳಿದೆ. ಹಕ್ಕಿಲ್ಲದೆ ಕೋರ್ಟಿನಲ್ಲಿ ವಕೀಲಿ ಮಾಡಿದರೆ 1961ರ ವಕೀಲರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಆಗಬಹುದು. ಆದರೆ ಒಬ್ಬ ವಕೀಲರ ಕೈಕೆಳಗೆ ಸಂಶೋಧನೆ ಮಾಡುವುದು, ಕರಡು ತಯಾರಿಸುವುದು, ಅನುವಾದ, ದಾಖಲೆ ಪರಿಶೀಲನೆ, ಬರವಣಿಗೆ, ಪಾಠ ಹೇಳುವುದು ಇವಕ್ಕೆಲ್ಲ ಸನ್ನದು ಬೇಕಿಲ್ಲ. ನಿಮ್ಮ ಕರಡನ್ನು ಅವರು ನೋಡಿ, ತಿದ್ದಿ, ತಮ್ಮ ಸಹಿ ಹಾಕುತ್ತಾರೆ. ಜವಾಬ್ದಾರಿ ಅವರದ್ದು.

ಸನ್ನದಿನ ಅರ್ಜಿಯನ್ನು ಮಾತ್ರ ಮುಂದೂಡಬೇಡಿ. ನೋಂದಣಿ ಶುಲ್ಕದ ಬಗ್ಗೆ ಹಳೆಯ ಲೆಕ್ಕ ಕೇಳಿ ಹೆದರಿದವರು ಇದ್ದಾರೆ. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಸ್ಟ್ಯಾಂಪ್ ಶುಲ್ಕ ಇದ್ದರೆ ಅದು ಬೇರೆ. ಕಾಯ್ದೆ ಹೇಳಿದ್ದಕ್ಕಿಂತ ಜಾಸ್ತಿ ಶುಲ್ಕವನ್ನು ಯಾವ ರಾಜ್ಯದ ವಕೀಲರ ಪರಿಷತ್ತೂ ಕೇಳುವಂತಿಲ್ಲ.

ಸನ್ನದು ಬಂದ ಮೇಲೆ ಎಐಬಿಇ ಪಾಸಾಗಲು ಎರಡು ವರ್ಷ ಸಮಯ ಇರುತ್ತದೆ. ಅಲ್ಲಿಯವರೆಗೆ ತಾತ್ಕಾಲಿಕ ನೋಂದಣಿಯ ಮೇಲೆ ವಕೀಲಿ ಮಾಡಬಹುದು. ಪರೀಕ್ಷೆಯಲ್ಲಿ 100 ಬಹು ಆಯ್ಕೆ ಪ್ರಶ್ನೆ, ಋಣಾತ್ಮಕ ಅಂಕ ಇಲ್ಲ, ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಮೂಲ ಕಾಯ್ದೆ ಪುಸ್ತಕ ಒಯ್ಯಲು ಬಿಡುತ್ತಾರೆ.

ಈಗ ಹೊಸಬರು ಹೆಚ್ಚಾಗಿ ಎಡವುವ ಜಾಗಕ್ಕೆ ಬರೋಣ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ, ವೃತ್ತಿ ನಡೆಸುತ್ತಿರುವ ವಕೀಲರು ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವಂತಿಲ್ಲ. ಕಂಪನಿ ಸೇರಿದರೆ ರಾಜ್ಯ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಕೆಲಸ ಬಿಟ್ಟ ಮೇಲೆ ಮತ್ತೆ ಚಾಲ್ತಿಗೆ ತರಬಹುದು. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಕಾನೂನು ಪುಸ್ತಕ ಸಂಪಾದಿಸುವುದು, ಪತ್ರಿಕೆಗಳಿಗೆ ಬರಹ ಪರಿಶೀಲಿಸಿ ಕೊಡುವುದು, ಕಾನೂನು ಪರೀಕ್ಷೆಗೆ ತಯಾರಿ ಮಾಡುವವರಿಗೆ ಪಾಠ ಹೇಳುವುದು, ಪ್ರಶ್ನೆಪತ್ರಿಕೆ ತಯಾರಿಸಿ ಮೌಲ್ಯಮಾಪನ ಮಾಡುವುದು ಇವನ್ನು 51ನೇ ನಿಯಮವೇ ಒಪ್ಪುತ್ತದೆ. ಬೇರೆ ಅರೆಕಾಲಿಕ ಕೆಲಸಕ್ಕೆ ರಾಜ್ಯ ಪರಿಷತ್ತಿನ ಒಪ್ಪಿಗೆ ಕೇಳಲು 52ನೇ ನಿಯಮದಲ್ಲಿ ಅವಕಾಶ ಇದೆ. ನೀವು ಮಾಡಿಕೊಟ್ಟ ಕೆಲಸಕ್ಕೆ ಶುಲ್ಕ ಪಡೆಯುವುದು ಒಂದು, ತಿಂಗಳ ಸಂಬಳದ ನೌಕರರಾಗುವುದು ಇನ್ನೊಂದು. ಆಫರ್ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಸಿವಿಲ್ ನ್ಯಾಯಾಧೀಶರ ಪರೀಕ್ಷೆಯ ಆಸೆ ಇದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ಆ ಪರೀಕ್ಷೆಗೆ ಮೂರು ವರ್ಷದ ವಕೀಲಿ ಅನುಭವ ಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಕೆ. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ (ಸಂಶೋಧನಾ ಸಹಾಯಕ) ಆಗಿದ್ದ ಕಾಲವೂ ಸೇರುತ್ತದೆ ಎಂದು ಅದೇ ತೀರ್ಪು ಹೇಳಿದೆ. ಸನ್ನದು ಅಮಾನತಿನಲ್ಲಿಟ್ಟು ಕಂಪನಿಯಲ್ಲಿ ಕೂತ ತಿಂಗಳುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಎಷ್ಟೇ ಚೆನ್ನಾಗಿರಲಿ, ಇದನ್ನು ತೂಗಿ ನೋಡಿ ನಿರ್ಧಾರ ಮಾಡಿ.

ಹಂತ 2: ಕೇಳಲು ಹೋಗುವ ಮೊದಲು ಮೂರು ಮಾದರಿ ತಯಾರಿಸಿ

ಬಯೋಡೇಟಾದಲ್ಲಿ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಬಹುಮಾನ, ವಿಚಾರ ಸಂಕಿರಣ ಎಲ್ಲ ಬರೆದಿರುತ್ತೀರಿ. ಸೀನಿಯರ್ ಅದನ್ನು ಅರ್ಧ ನಿಮಿಷ ನೋಡಿ ಪಕ್ಕಕ್ಕಿಡುತ್ತಾರೆ. ಅವರಿಗೆ ತಿಳಿಯಬೇಕಾದ್ದು ನಿಮ್ಮ ಬರವಣಿಗೆ ನಂಬಬಹುದಾ ಇಲ್ವಾ ಎನ್ನುವುದಷ್ಟೆ.

ಮೊದಲನೆಯದು, ಒಂದು ಕಾನೂನು ಪ್ರಶ್ನೆಯ ಮೇಲೆ ಎರಡು ಪುಟದ ಟಿಪ್ಪಣಿ. ಪ್ರಶ್ನೆ, ಅನ್ವಯಿಸುವ ಸೆಕ್ಷನ್, ನಮ್ಮ ಪರ ತೀರ್ಪು, ನಮ್ಮ ವಿರುದ್ಧ ತೀರ್ಪು, ಉತ್ತರ. ವಿರುದ್ಧದ ತೀರ್ಪನ್ನು ಬಿಟ್ಟರೆ ಆ ಟಿಪ್ಪಣಿಗೆ ಬೆಲೆಯೇ ಇಲ್ಲ. ಎರಡನೆಯದು, ದಿನಾಂಕ ಮತ್ತು ಘಟನೆಗಳ ಪಟ್ಟಿ. ಇಂಡಿಯನ್ ಕಾನೂನ್ ತಾಣದಿಂದ ಒಂದು ಉದ್ದನೆಯ ಸಿವಿಲ್ ತೀರ್ಪು ತೆಗೆದುಕೊಳ್ಳಿ. ಅದರ ಸಂಗತಿಗಳನ್ನೆಲ್ಲ ದಿನಾಂಕದ ಪ್ರಕಾರ ಒಂದೂವರೆ ಪುಟಕ್ಕೆ ಇಳಿಸಿ. ರಿಟ್ ಅರ್ಜಿ ಮತ್ತು ಮೇಲ್ಮನವಿಗಳಿಗೆ ಇಂಥ ಪಟ್ಟಿ ಬೇಕಾಗುತ್ತಲೇ ಇರುತ್ತದೆ, ಮಾಡುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಮೂರನೆಯದು, ಎರಡು ಪುಟ ಕನ್ನಡ ದಾಖಲೆಯ ಇಂಗ್ಲಿಷ್ ಅನುವಾದ.

ಇಂಟರ್ನ್‌ಶಿಪ್‌ನಲ್ಲಿ ಕೈಗೆ ಬಂದ ನಿಜವಾದ ಕಕ್ಷಿದಾರರ ಕಾಗದವನ್ನು ಮಾದರಿ ಅಂತ ಯಾರಿಗೂ ತೋರಿಸಬೇಡಿ. ಹೆಸರು ಅಳಿಸಿದ್ದರೂ ಬೇಡ. ಗುಟ್ಟು ಉಳಿಸಿಕೊಳ್ಳದವರು ಎಂಬ ಅನುಮಾನ ಒಮ್ಮೆ ಬಂದರೆ ಮತ್ತೆ ಕರೆಯುವುದಿಲ್ಲ.

ಹಂತ 3: ಕೆಲಸ ಎಲ್ಲೆಲ್ಲಿದೆ

*ಕ್ರಯಪತ್ರ, ಪಹಣಿ ಮತ್ತು ಹಕ್ಕಿನ ಪರಿಶೀಲನೆ.* ಕರ್ನಾಟಕದಲ್ಲಿ ಹೊಸಬರಿಗೆ ಬೇಗ ಸಿಗುವ, ಕಲಿಸುವ, ದುಡ್ಡೂ ಬರುವ ಕೆಲಸ ಇದು ಎಂಬುದು ನನ್ನ ಗಟ್ಟಿ ನಂಬಿಕೆ. ಬ್ಯಾಂಕ್ ಪ್ಯಾನೆಲ್‌ನಲ್ಲಿರುವ ವಕೀಲರಿಗೆ ಸಾಲದ ಫೈಲುಗಳು ಸಾಲಾಗಿ ಬರುತ್ತವೆ. ಆಸ್ತಿಯ ಹಕ್ಕು ಸರಿಯಿದೆಯಾ ಎಂಬ ಅಭಿಪ್ರಾಯಕ್ಕೆ ಸಹಿ ಅವರೇ ಹಾಕಬೇಕು. ಅದರ ಹಿಂದಿನ ಓದುವ ಕೆಲಸ ನೀವು ಮಾಡಬಹುದು.

ಫೈಲು ಬಂದ ತಕ್ಷಣ ಎಲ್ಲ ದಾಖಲೆಗಳನ್ನೂ ದಿನಾಂಕದ ಪ್ರಕಾರ ಜೋಡಿಸಿ. ಮೂಲ ಪತ್ರದಿಂದ ಇವತ್ತಿನ ಮಾಲೀಕರವರೆಗೆ ಹಕ್ಕು ಯಾರಿಂದ ಯಾರಿಗೆ, ಹೇಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕ್ರಯ, ದಾನ, ವಿಭಾಗ, ಉಯಿಲು, ವಾರಸಿನ ಹಕ್ಕು, ಏನೇ ಆಗಿರಲಿ. ನಡುವೆ ಒಂದು ಕೊಂಡಿ ಕಾಣದಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಆಮೇಲೆ ಋಣಭಾರ ಪತ್ರ (ಇಸಿ) ತೆಗೆದು ಒಂದೊಂದು ನಮೂದನ್ನೂ ನಿಮ್ಮ ಹಾಳೆಯೊಂದಿಗೆ ತಾಳೆ ನೋಡಿ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಕೃಷಿ ಜಮೀನಾದರೆ ಪಹಣಿ, ಮ್ಯುಟೇಷನ್, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಮೂರರಲ್ಲೂ ವಿಸ್ತೀರ್ಣ ಒಂದೇ ಇದೆಯಾ? ಪೋಡಿ, ಅಂದರೆ ಸರ್ವೆ ನಂಬರಿನ ವಿಂಗಡಣೆ, ಆಗಿದೆಯಾ? ನಿವೇಶನವಾದರೆ ಭೂ ಪರಿವರ್ತನೆ ಆದೇಶ ಎಲ್ಲಿ? ಚೆಕ್‌ಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲ ಪತ್ರಗಳಲ್ಲೂ ಹೊಂದುತ್ತದಾ?

ಎರಡು ಕಡೆ ಕಣ್ಣು ಜಾಸ್ತಿ ಇಡಿ. ಒಂದು, ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಎಂಬುದು. ಹೌದಾದರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಅನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ ಎಂದು 2023ರಲ್ಲಿ ತಿದ್ದುಪಡಿ ಆಗಿದೆ. ಇನ್ನೊಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಹಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಅದರ ಮೇಲೆ 2020ರ ವಿನೀತಾ ಶರ್ಮಾ ತೀರ್ಪು, ಎರಡನ್ನೂ ಓದಿಕೊಂಡಿರಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗವೋ, ಆಮೇಲಿನದ್ದೋ ಎಂಬುದರ ಮೇಲೆ ಇಡೀ ಅಭಿಪ್ರಾಯ ಬದಲಾಗಬಹುದು. ವಂಶವೃಕ್ಷದಲ್ಲಿ ಮಗಳ ಹೆಸರಿದ್ದು ಪತ್ರದಲ್ಲಿ ಸಹಿ ಇಲ್ಲದ್ದನ್ನು ನೀವು ಹಿಡಿದುಕೊಟ್ಟರೆ, ಮುಂದಿನ ಫೈಲು ಕೇಳದೆಯೇ ನಿಮ್ಮ ಕೈಗೆ ಬರುತ್ತದೆ.

*ಅನುವಾದ.* ನಮ್ಮ ಕೆಳ ನ್ಯಾಯಾಲಯಗಳ ಕಾಗದ ಬಹುಪಾಲು ಕನ್ನಡದಲ್ಲಿದೆ. ಪ್ರಕರಣ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋದರೆ ಅದೆಲ್ಲ ಇಂಗ್ಲಿಷ್ ಆಗಬೇಕು, ಅದೂ ಅವಸರದಲ್ಲಿ. ಕನ್ನಡವೂ ಕಾನೂನೂ ಎರಡೂ ಬಲ್ಲವರು ಕಡಿಮೆ. ಹಳೆಯ ಕೈಬರಹ ಓದಬಲ್ಲವರು ಇನ್ನೂ ಕಡಿಮೆ. ಕಲಬುರಗಿ ಕಡೆಯ ನಿಜಾಮರ ಕಾಲದ ಉರ್ದು ದಾಖಲೆ, ಬೆಳಗಾವಿ ಕಡೆಯ ಮೋಡಿ ಲಿಪಿಯ (ಹಳೆಯ ಮರಾಠಿ ಬರಹ) ಕಾಗದ ಓದಲು ಬಂದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಕೆಲಸ ಒಪ್ಪುವಾಗ ಪುಟಕ್ಕೆ ಇಷ್ಟು ಎಂದು ಮಾತಾಡುತ್ತಾರೆ. ಯಾವ ಪುಟ? ಕನ್ನಡದ್ದಾ, ಟೈಪ್ ಆದ ಇಂಗ್ಲಿಷಿನದ್ದಾ? ಮೊದಲೇ ಬಗೆಹರಿಸಿಕೊಳ್ಳಿ, ಒಂದು ಕೈಬರಹದ ಪುಟ ಮೂರು ಟೈಪ್ ಪುಟ ಆಗುವುದುಂಟು. ಸರ್ವೆ ನಂಬರ್, ಹೆಸರಿನ ಕಾಗುಣಿತ, ದಿನಾಂಕ ಈ ಮೂರನ್ನು ಕೊನೆಯಲ್ಲಿ ಬೇರೆಯಾಗಿ ಇನ್ನೊಮ್ಮೆ ತಾಳೆ ನೋಡಿ. ಓದಲಾಗದ ಪದವನ್ನು ಊಹಿಸಬೇಡಿ, "ಸ್ಪಷ್ಟವಿಲ್ಲ" ಎಂದೇ ಬರೆಯಿರಿ.

*ಲಾ ಕ್ಲರ್ಕ್.* ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಬಳಿ ಅಲ್ಪಾವಧಿ ಒಪ್ಪಂದದ ಮೇಲೆ ಲಾ ಕ್ಲರ್ಕ್ ಮತ್ತು ಸಂಶೋಧನಾ ಸಹಾಯಕರನ್ನು ತೆಗೆದುಕೊಳ್ಳುತ್ತಾರೆ. 2024 ಮತ್ತು 2025ರ ಪ್ರಕಟಣೆಗಳು ಜನವರಿಯಲ್ಲಿ ಬಂದವು, ತಿಂಗಳಿಗೆ 80,000 ರೂಪಾಯಿ ಎಂದಿತ್ತು. ಬಹು ಆಯ್ಕೆ ಪರೀಕ್ಷೆ, ಬರವಣಿಗೆ ಪರೀಕ್ಷೆ, ಸಂದರ್ಶನ ಹೀಗೆ ಮೂರು ಹಂತ. ಕೊನೆಯ ವರ್ಷದವರೂ ಅರ್ಜಿ ಹಾಕಬಹುದು. ನಮ್ಮ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಗಳಿಗೆ ಲಾ ಕ್ಲರ್ಕ್‌ಗಳನ್ನು ತಾತ್ಕಾಲಿಕವಾಗಿ ನೇಮಿಸುತ್ತಾರೆ. ಪ್ರಕಟಣೆಗೆ ಹೈಕೋರ್ಟ್ ಜಾಲತಾಣ ನೋಡುತ್ತಿರಿ. ಬೆಂಗಳೂರು ಪ್ರಧಾನ ಪೀಠದ ಜೊತೆ ಧಾರವಾಡ, ಕಲಬುರಗಿ ಪೀಠಗಳೂ ಇವೆ ಎಂಬುದನ್ನು ಉತ್ತರ ಕರ್ನಾಟಕದವರು ಮರೆಯಬಾರದು. ಆ ಅವಧಿಯಲ್ಲಿ ಸ್ವಂತ ವಕಾಲತ್ತು ನಡೆಸುವಂತಿಲ್ಲ.

*ಕಾನೂನು ಸೇವಾ ಪ್ರಾಧಿಕಾರ.* ಉಚಿತ ಕಾನೂನು ನೆರವು ಕೊಡುವ ಈ ಸಂಸ್ಥೆಯ ಕಚೇರಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಇರುತ್ತದೆ. ಸನ್ನದು ಇಲ್ಲದಿದ್ದರೂ ಅರೆ ಕಾನೂನು ಸ್ವಯಂಸೇವಕರಾಗಿ ಸೇರಬಹುದು, ಗೌರವಧನ ಸಣ್ಣದು. ಕ್ರಿಮಿನಲ್ ಕೆಲಸ ಇಷ್ಟ ಇದ್ದು ಸನ್ನದೂ ಇದ್ದರೆ ನೆರವು ಬೇಕಾದ ಆರೋಪಿಗಳ ಪರ ವಾದಿಸುವ ಕಾನೂನು ನೆರವು ಅಭಿರಕ್ಷಕರ ಯೋಜನೆ ನೋಡಿ. ಅದರಲ್ಲಿ ಸಹಾಯಕ ಹುದ್ದೆಗೆ 0ಯಿಂದ 3 ವರ್ಷದ ಅನುಭವ ಸಾಕು. ಒಪ್ಪಂದದ ಮೇಲೆ ನೇಮಕ, ಆದರೆ ಖಾಸಗಿ ಪ್ರಕರಣ ತೆಗೆದುಕೊಳ್ಳುವಂತಿಲ್ಲ. ಪ್ರಾಧಿಕಾರದ ಪ್ಯಾನೆಲ್ ವಕೀಲರಾಗಲು ಮೂರು ವರ್ಷದ ಅನುಭವ ಬೇಕು, ಅದು ಈಗ ನಿಮಗಲ್ಲ.

*ಕಂಪನಿಗಳ ದಾಖಲೆ ಮತ್ತು ಒಪ್ಪಂದ ಪರಿಶೀಲನೆ.* ಬೆಂಗಳೂರಿನಲ್ಲಿ ವಿದೇಶಿ ಮೊಕದ್ದಮೆಗಳ ಇಮೇಲ್ ರಾಶಿ ಓದಿ "ಸಂಬಂಧ ಇದೆ, ಇಲ್ಲ, ಗೌಪ್ಯ" ಎಂದು ವಿಂಗಡಿಸುವ ಪ್ರಾಜೆಕ್ಟ್‌ಗಳು ನಡೆಯುತ್ತವೆ. ಇಂಗ್ಲಿಷ್ ಓದುವ ವೇಗ ಮತ್ತು ಎಚ್ಚರ ಇದ್ದರೆ ಸಾಕು. ಹಣ ಸಮಯಕ್ಕೆ ಬರುತ್ತದೆ, ಅದು ದೊಡ್ಡ ವಿಷಯ. ಆದರೆ ಮೊಕದ್ದಮೆ ರಾಜಿಯಾದರೆ ಪ್ರಾಜೆಕ್ಟ್ ಮರುದಿನವೇ ನಿಲ್ಲಬಹುದು. ಆಗ ಹಣ ಕೊಡುತ್ತಾರಾ? ಪಾಳಿ ಯಾವುದು? ನೌಕರರೋ, ಶುಲ್ಕದ ಮೇಲೋ? ಅನುಭವ ಪತ್ರ ಕೊಡುತ್ತಾರಾ? ಇವಿಷ್ಟು ಕೇಳಿ ಸೇರಿ. ಕೋರ್ಟಿಗೆ ಹೋಗುವ ಕನಸಿದ್ದರೆ ಇಲ್ಲಿ ಎಷ್ಟು ತಿಂಗಳು ಎಂದು ಸೇರುವಾಗಲೇ ಗಡಿ ಹಾಕಿಕೊಳ್ಳಿ.

*ಬರವಣಿಗೆ, ಸಂಶೋಧನೆ, ಪಾಠ.* ಕಾನೂನು ವರದಿ ಪತ್ರಿಕೆಗಳಿಗೆ ತೀರ್ಪಿನ ಸಾರಾಂಶ ಬರೆಯುವವರು ಬೇಕಾಗುತ್ತಾರೆ. ಬೆಂಗಳೂರಿನ ದಕ್ಷ್, ವಿಧಿ ಸೆಂಟರ್ ಥರದ ಸಂಸ್ಥೆಗಳು ಸಂಶೋಧನಾ ಅವಕಾಶಗಳನ್ನು ತಮ್ಮ ತಾಣದಲ್ಲಿ ಪ್ರಕಟಿಸುತ್ತವೆ. ಒಬ್ಬ ಸಂಸದರ ಜೊತೆ ಕೆಲಸ ಮಾಡುವ ಪಿಆರ್‌ಎಸ್ ಎಂಬ ಶಾಸನ ಸಂಶೋಧನಾ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಕೂಡ ಒಂದು ದಾರಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾಯ್ದೆ ಜಾರಿಯಾಗಿವೆ. ಹಳೆಯ ಸೆಕ್ಷನ್ ನಂಬರ್ ಬಾಯಿಪಾಠ ಇರುವ ಹಿರಿಯರಿಗೆ ಹೊಸದು ಇನ್ನೂ ತೊಡಕು. ಹಳೆಯದು ಹೊಸದು ಹೋಲಿಸಿದ ಪಟ್ಟಿಗಳನ್ನು ಚೆನ್ನಾಗಿ ಮಾಡಿಕೊಡಬಲ್ಲವರಿಗೆ ಈಗ ಒಳ್ಳೆಯ ಸಮಯ.

ಹಂತ 4: ಕೇಳುವ ರೀತಿ

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಪ್ರಕರಣ ಪಟ್ಟಿ ತೆರೆಯಿರಿ. ಒಂದು ವಾರ ನೋಡಿದರೆ ಯಾವ ವಕೀಲರ ಹೆಸರು ಜಾಸ್ತಿ ಬರುತ್ತದೆ ಎಂದು ತಿಳಿಯುತ್ತದೆ. ಬಾಕಿ ಕೆಲಸ ಇರುವುದು ಅವರ ಬಳಿಯೇ. ಬೇಸಿಗೆ ರಜೆ, ದಸರಾ ರಜೆಗೆ ಮುಂಚಿನ ವಾರಗಳಲ್ಲಿ ಒತ್ತಡ ಹೆಚ್ಚು, ಆಗ ಹೋಗಿ. ಬೆಳಗ್ಗೆ ಕಲಾಪದ ಹೊತ್ತಿಗೆ ಹೋಗಬೇಡಿ, ಸಂಜೆ ಕಚೇರಿಗೆ ಹೋಗಿ. ಗುಮಾಸ್ತರನ್ನು ಮೊದಲು ಮಾತಾಡಿಸಿ. ಯಾವ ಫೈಲು ಎಷ್ಟು ದಿನದಿಂದ ಕೂತಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಹೋಗುವ ಮೊದಲು ಒಂದು ಚಿಕ್ಕ ಸಂದೇಶ ಸಾಕು:

"ನಮಸ್ಕಾರ ಸರ್. ಈ ವರ್ಷ ಎಲ್‌ಎಲ್‌ಬಿ ಮುಗಿಸಿದ್ದೇನೆ, ಸನ್ನದಿಗೆ ಅರ್ಜಿ ಹಾಕಿದ್ದೇನೆ. ಕನ್ನಡ ದಾಖಲೆಗಳ ಇಂಗ್ಲಿಷ್ ಅನುವಾದ ಮತ್ತು ದಿನಾಂಕಗಳ ಪಟ್ಟಿ ಮಾಡಿಕೊಡುತ್ತೇನೆ. ಎರಡು ಪುಟದ ಮಾದರಿ ಜೊತೆಗಿದೆ. ರಜೆಗೆ ಮುಂಚೆ ಫೈಲ್ ಮಾಡಬೇಕಾದ ಕೆಲಸ ಇದ್ದರೆ ಒಂದು ಕೊಟ್ಟು ನೋಡಿ ಸರ್. ನಾಳೆ ಸಂಜೆ ಆರಕ್ಕೆ ಕಚೇರಿಗೆ ಬರಬಹುದಾ?"

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಅದರಲ್ಲಿ ಅವಮಾನ ಏನೂ ಇಲ್ಲ. ಇನ್ನೊಬ್ಬ ವಕೀಲರ ಬಳಿ ಕೆಲಸ ಕೇಳುವುದು ತಪ್ಪಲ್ಲ. ಆದರೆ ಸನ್ನದು ಬಂದ ಮೇಲೆ ಕಕ್ಷಿದಾರರನ್ನು ಸೆಳೆಯಲು ಜಾಹೀರಾತು ಹಾಕುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ತಡೆಯುತ್ತದೆ. ಆನ್‌ಲೈನ್‌ನಲ್ಲಿ "ಕಡಿಮೆ ಶುಲ್ಕಕ್ಕೆ ವಕೀಲರು" ಎಂದು ಹೆಸರು ಹಾಕಿಸಬೇಡಿ.

ಹಂತ 5: ಹಣ ಮತ್ತು ಷರತ್ತು

ಹೊಸಬರಿಗೆ ಹಣದ ಮಾತು ಎತ್ತಲು ಸಂಕೋಚ. "ಕಲಿಯೋಕೆ ಬಂದಿದ್ದೀಯ, ದುಡ್ಡು ಯಾಕೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕು ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಕಡ್ಡಾಯ ಅಲ್ಲ, ಶಿಫಾರಸು. ಆದರೂ ಮಾತು ಶುರು ಮಾಡಲು ಒಂದು ಆಧಾರ ಸಿಕ್ಕಿತು. ವಕೀಲರ ಬಳಿ ತರಬೇತಿ ಪಡೆಯುವ ಪದವೀಧರರಿಗೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಶಿಷ್ಯವೇತನವೂ ಇದೆ. ಜಿಲ್ಲಾ ಕಚೇರಿಯಲ್ಲಿ ಈ ವರ್ಷದ ಕೊನೆಯ ದಿನಾಂಕ ಕೇಳಿ. ಗೊತ್ತಿಲ್ಲದೆ ಬಿಟ್ಟುಕೊಡುವವರೇ ಜಾಸ್ತಿ.

ಬಿಡಿ ಕೆಲಸಕ್ಕೆ ದರ ಹೇಳುವ ಮೊದಲು ಎರಡು ಪುಟ ಮಾಡಿ ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ದಿನಕ್ಕೆ ನಿಮಗೆ ಎಷ್ಟು ಬೇಕು ಎಂಬುದರಿಂದ ಲೆಕ್ಕ ಹಾಕಿ. ಮಾತಾದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ: "ಸರ್, 40 ಪುಟ, ಶುಕ್ರವಾರ ಸಂಜೆಗೆ, ಪುಟಕ್ಕೆ ಇಷ್ಟು, ಕೊಟ್ಟ ವಾರದೊಳಗೆ ಪಾವತಿ. ಸರಿ ಅಲ್ವಾ?" ಅವರು "ಸರಿ" ಅಂದರೆ ಒಪ್ಪಂದ ಆಯಿತು. ಶುಲ್ಕದಲ್ಲಿ 10 ಪರ್ಸೆಂಟ್ ಟಿಡಿಎಸ್ ಹಿಡಿದುಕೊಂಡರೆ ಗಾಬರಿ ಬೇಡ. ನಿಮ್ಮ ಆದಾಯಕ್ಕೆ ತೆರಿಗೆ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಕೆಲಸ ಕೊಡಲು ಮೊದಲು ಠೇವಣಿ ಕೇಳುವವರನ್ನು ಅಲ್ಲೇ ಬಿಡಿ. "ಮನೆಯಿಂದ ಕಾನೂನು ಟೈಪಿಂಗ್" ಎಂದು ಒಪ್ಪಂದಕ್ಕೆ ಸಹಿ ಹಾಕಿಸಿ, ಆಮೇಲೆ ತಪ್ಪು ಜಾಸ್ತಿ ಇದೆ ಎಂದು ದಂಡಕ್ಕೆ ನೋಟಿಸ್ ಕಳಿಸುವ ವಂಚನೆಯೂ ಇದೆ. ಸನ್ನದು ಬಂದ ಮೇಲೆ ನಿಮ್ಮ ನೋಂದಣಿ ಸಂಖ್ಯೆ ಮತ್ತು ಸಹಿಯನ್ನು ಯಾರಿಗೂ ಎರವಲು ಕೊಡಬೇಡಿ. ನೀವು ಓದದ ಹಕ್ಕಿನ ಅಭಿಪ್ರಾಯಕ್ಕೆ, ಖಾಲಿ ವಕಾಲತ್ತಿಗೆ ಸಹಿ ಹಾಕಲೇಬೇಡಿ.

ಹಂತ 6: ಕೆಲಸ ಸಿಕ್ಕ ಮೇಲೆ

ಕಕ್ಷಿದಾರರ ಗುಟ್ಟು ಕಾಯುವ ಹೊಣೆ ವಕೀಲರಿಗೆ ಮಾತ್ರ ಅಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ವಕೀಲರ ಗುಮಾಸ್ತರನ್ನೂ ನೌಕರರನ್ನೂ ದುಭಾಷಿಗಳನ್ನೂ ಹೆಸರಿಸಿಯೇ ಹೇಳುತ್ತದೆ. ದಾಖಲೆಯನ್ನು ಯಾವುದೋ ಉಚಿತ ಅನುವಾದ ತಾಣಕ್ಕೆ, ಎಐ ಚಾಟ್‌ಗೆ ಹಾಕುವ ಮೊದಲು ಕೊಟ್ಟವರ ಅನುಮತಿ ಕೇಳಿ. ಎಐ ಕೊಟ್ಟ ತೀರ್ಪಿನ ಹೆಸರನ್ನು ಹಾಗೇ ಬಳಸಬೇಡಿ. ಇಲ್ಲದ ತೀರ್ಪುಗಳನ್ನು ಅದು ಇದೆ ಎಂದೇ ಹೇಳುತ್ತದೆ. ಸುಪ್ರೀಂ ಕೋರ್ಟ್ ತೀರ್ಪುಗಳ ತಾಣವಾದ ಇ-ಎಸ್‌ಸಿಆರ್‌ನಲ್ಲೋ ಹೈಕೋರ್ಟ್ ತಾಣದಲ್ಲೋ ತೆರೆದು, ಆ ಪ್ಯಾರಾ ಓದಿ, ಆಮೇಲೆ ಬರೆಯಿರಿ.

ಎಲ್ಲರಿಗೂ ಹೂಂ ಅನ್ನಬೇಡಿ. ಶುಕ್ರವಾರ ಅಂದರೆ ಶುಕ್ರವಾರ ಕೊಡಬೇಕು. ಆಗದು ಎನಿಸಿದರೆ ಬುಧವಾರವೇ ತಿಳಿಸಿ, ಬೇರೆಯವರಿಗೆ ಹಂಚಲು ಅವರಿಗೆ ಸಮಯ ಇರುತ್ತದೆ. ಒಂದೇ ವಿವಾದದ ಎರಡೂ ಕಡೆಯ ಕೆಲಸ ಬರಬಹುದು, ಸಣ್ಣ ಊರುಗಳಲ್ಲಿ ಇದು ಅಪರೂಪ ಏನಲ್ಲ. ಅದಕ್ಕೆ ಯಾರ ಫೈಲು ಯಾವಾಗ ನೋಡಿದ್ದೆ ಎಂದು ಒಂದು ಪಟ್ಟಿ ಇಡಿ. ಹೊಸ ಫೈಲು ತೆರೆಯುವ ಮೊದಲೇ ಪಕ್ಷಗಾರರ ಹೆಸರು ಕೇಳಿ.

ಸನ್ನದು ಬಂದ ದಿನದಿಂದ ಡೈರಿ ಬರೆಯಿರಿ. ದಿನಾಂಕ, ಪ್ರಕರಣ ಸಂಖ್ಯೆ, ಯಾವ ಕೋರ್ಟ್, ನೀವು ಮಾಡಿದ್ದೇನು ಇಷ್ಟೇ ಸಾಕು. ನ್ಯಾಯಾಧೀಶರ ಪರೀಕ್ಷೆಗೆ ಬೇಕಾದ ಮೂರು ವರ್ಷದ ಅನುಭವಕ್ಕೆ ಆ ಕೋರ್ಟಿನ ಪ್ರಧಾನ ನ್ಯಾಯಾಂಗ ಅಧಿಕಾರಿಯ ಪ್ರಮಾಣಪತ್ರ ಬೇಕು, ಇಲ್ಲವೇ ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರು ಕೊಟ್ಟದ್ದನ್ನು ಅಂಥ ಅಧಿಕಾರಿ ದೃಢೀಕರಿಸಬೇಕು. ಆ ಹೊತ್ತಿಗೆ ಈ ಡೈರಿ ನೆರವಿಗೆ ಬರುತ್ತದೆ. ಒಂದು ಕಚೇರಿ ಬಿಡುವಾಗ ಹದಿನೈದು ದಿನ ಮೊದಲೇ ಹೇಳಿ, ನಿಮ್ಮ ಕೈಯಲ್ಲಿರುವ ಫೈಲುಗಳ ಸ್ಥಿತಿ ಬರೆದು ಕೊಡಿ. ಅನುಭವ ಪತ್ರವನ್ನು ಅವತ್ತೇ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಶುರುವಿನ ದಿನಾಂಕ, ಕೊನೆಯ ದಿನಾಂಕ, ಮಾಡಿದ ಕೆಲಸದ ಬಗೆ ಮೂರೂ ಇರಲಿ.